ಹೋರಿ, ನವಿಲು, ಟೆಲಿ ಜೂಮ್: ಹಾವೇರಿ ಸೀಮೆಯಲ್ಲಿ ಒಂದು ಲೆನ್ಸಿನ ಚರಿತ್ರೆ

ಕ್ಯಾಮೆರಾ ಭಾರತಕ್ಕೆ ಬಂದು ಹದಿನೈದು ವರ್ಷ ಕಳೆಯುವಷ್ಟರಲ್ಲಿ ಕನ್ನಡದ ಉತ್ತರ ಸೀಮೆಗೂ ತಲುಪಿತ್ತು. 1855ರಲ್ಲಿ ಮುಂಬಯಿ ಸರ್ಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಬಿಜಾಪುರ, ಬಾದಾಮಿ, ಐಹೊಳೆ ಕಡೆಯ ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನ ಜಾಗಕ್ಕೆ ವಿಲಿಯಂ ಪಿಗೂ ಎಂಬ ವೈದ್ಯ ಬಂದ, ಎ.ಸಿ.ಬಿ. ನೀಲ್ ಎಂಬವನೂ ಈ ಕಡೆ ಚಿತ್ರ ತೆಗೆದ. ಮೂವರ ಚಿತ್ರಗಳನ್ನೂ ಸೇರಿಸಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲೊಂದು ದೊಡ್ಡ ಪುಸ್ತಕ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಆಗ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು ಮಾತ್ರ ನವಾಬರ ಕೈಯಲ್ಲಿತ್ತು.

ಆ ಕಾಲದ ಕ್ಯಾಮೆರಾಗೆ ಗುಡಿಗಳೇ ತಕ್ಕ ವಸ್ತು. ಕಾಗದದ ನೆಗೆಟಿವ್ ಮೇಲೆ ಚಿತ್ರ ಮೂಡಲು ಬಹಳ ಹೊತ್ತು ಬೆಳಕು ಬೀಳಬೇಕಿತ್ತು. ಅಷ್ಟು ಹೊತ್ತು ಅಲುಗದೆ ನಿಲ್ಲುವುದು ಕಲ್ಲು ಮಾತ್ರ. ಕೆರೆಯ ಮೇಲಿನ ಹಕ್ಕಿಯಾಗಲಿ, ಅಖಾಡಕ್ಕೆ ಬಿಟ್ಟ ಹೋರಿಯಾಗಲಿ, ಕೋಟೆಯ ಕಂದಕದಲ್ಲಿ ಗರಿ ಬಿಚ್ಚಿದ ನವಿಲಾಗಲಿ ಚಿತ್ರಕ್ಕೆ ಸಿಗುವಂತಿರಲಿಲ್ಲ. ಈ ಸೀಮೆಯ ಹವ್ಯಾಸಿ ಛಾಯಾಗ್ರಾಹಕರು ಇಂದು ಬೆನ್ನು ಹತ್ತುವುದು ಈ ಮೂರನ್ನೇ. ಅವು ಕೈಗೆಟುಕಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅದಕ್ಕೆ ದೂರ ಒಂದೇ ಕಾರಣವಲ್ಲ. ಬೆಳಕಿನ ಕೊರತೆ ಮತ್ತು ಕ್ಷಣಕ್ಷಣಕ್ಕೂ ಬದಲಾಗುವ ದೂರ, ಈ ಎರಡೇ ಇಲ್ಲಿ ಲೆನ್ಸಿನ ಆಯ್ಕೆಯನ್ನು ತೀರ್ಮಾನಿಸಿದವು.

ದೂರದ ವಸ್ತುವನ್ನು ದೊಡ್ಡದಾಗಿ ಮೂಡಿಸುವ ಲೆಕ್ಕ ಸರಳ. ವಸ್ತುವಿನ ಎತ್ತರವನ್ನು ಲೆನ್ಸಿನ ಸಂಗಮದೂರದಿಂದ ಗುಣಿಸಿ, ವಸ್ತು ಇರುವ ದೂರದಿಂದ ಭಾಗಿಸಿದರೆ ಫಿಲ್ಮಿನ ಮೇಲೆ ಬೀಳುವ ಬಿಂಬದ ಅಳತೆ ಸಿಗುತ್ತದೆ. ಒಂದು ಮೀಟರ್ ಎತ್ತರಕ್ಕೆ ನಿಂತ ನವಿಲು ಐವತ್ತು ಮೀಟರ್ ಆಚೆ ಇದ್ದರೆ, 50 ಎಂಎಂ ಲೆನ್ಸಿನಲ್ಲಿ ಅದರ ಬಿಂಬ ಒಂದೇ ಮಿಲಿಮೀಟರ್. 300 ಎಂಎಂಗೆ ಆರು ಮಿಲಿಮೀಟರ್, 600 ಎಂಎಂಗೆ ಹನ್ನೆರಡು. 35 ಎಂಎಂ ಫಿಲ್ಮಿನ ಚೌಕಟ್ಟು 24 ಮಿಲಿಮೀಟರ್ ಎತ್ತರವಿರುವುದರಿಂದ 600ರಲ್ಲಿ ನವಿಲು ಅದರ ಅರ್ಧದಷ್ಟನ್ನು ತುಂಬುತ್ತದೆ. ಹಳೆಯ ಕಾಲದಲ್ಲಿ ಇದಕ್ಕೊಂದು ದೊಡ್ಡ ತೊಡಕಿತ್ತು. ಸಾಧಾರಣ ಲೆನ್ಸನ್ನು ಅದರ ಸಂಗಮದೂರದಷ್ಟೇ ದೂರ ಫಿಲ್ಮಿನ ಮುಂದೆ ಹಿಡಿಯಬೇಕು. 600 ಎಂಎಂ ಎಂದರೆ ಅರವತ್ತು ಸೆಂಟಿಮೀಟರ್ ಉದ್ದದ ತಿದಿ. 1891ರಲ್ಲಿ ಲಂಡನ್ನಿನ ಥಾಮಸ್ ರುಡಾಲ್ಫಸ್ ಡಾಲ್‌ಮೇಯರ್, ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಸ್ಟೈನ್‌ಹೈಲ್ ತಂತಮ್ಮಷ್ಟಕ್ಕೆ ಒಂದೇ ಪರಿಹಾರ ಕಂಡುಕೊಂಡರು. ಮುಂದೆ ಪೀನ ಮಸೂರಗಳ ಗುಂಪು, ಹಿಂದೆ ನಿಮ್ನ ಮಸೂರಗಳ ಗುಂಪು ಇಟ್ಟರೆ ಸಂಗಮದೂರ ಅಷ್ಟೇ ಉಳಿದು ಕೊಳವೆ ಗಿಡ್ಡವಾಗುತ್ತದೆ. ಇಂದಿನ ಎಲ್ಲ ಟೆಲಿಫೋಟೊ ಲೆನ್ಸುಗಳ ಮೂಲ ವಿನ್ಯಾಸ ಅದೇ.

ಸಂಗಮದೂರ ಬದಲಿಸಬಲ್ಲ ಜೂಮ್ ಬಂದಿದ್ದು ಬಹಳ ತಡವಾಗಿ. ಸಿನಿಮಾದವರಿಗೆ 1930ರ ದಶಕದಲ್ಲೇ ಜೂಮ್ ಲೆನ್ಸುಗಳಿದ್ದವು. ಆದರೆ ಸ್ಥಿರಚಿತ್ರವನ್ನು ದೊಡ್ಡದು ಮಾಡಿ ನೋಡುವಾಗ ಕಾಣುವ ದೋಷಗಳು ಓಡುವ ಚಿತ್ರದಲ್ಲಿ ಕಾಣುವುದಿಲ್ಲ. ಒಂದೇ ಸಂಗಮದೂರದ ಲೆನ್ಸಿನ ದೋಷ ತಿದ್ದುವುದೇ ಕಷ್ಟ, ಒಳಗಿನ ಗಾಜುಗಳು ಸರಿದಾಡಿದಾಗಲೆಲ್ಲ ಹೊಸ ದೋಷ ಹುಟ್ಟುತ್ತದೆ. ಸ್ಥಿರ ಕ್ಯಾಮೆರಾಗೆ ಮಾರಾಟಕ್ಕೆ ಬಂದ ಮೊದಲ ಜೂಮ್ ಫ್ರಾಂಕ್ ಬ್ಯಾಕ್ ರೂಪಿಸಿದ ಫೋಕ್ಟ್‌ಲೆಂಡರ್ ಜೂಮಾರ್, 1959ರದು. ಅದರ ವ್ಯಾಪ್ತಿ 36ರಿಂದ 82 ಎಂಎಂ ಮಾತ್ರ. ಅದೇ ವರ್ಷ ನಿಕಾನ್ 85ರಿಂದ 250 ಎಂಎಂವರೆಗಿನ ಟೆಲಿ ಜೂಮ್ ಪ್ರಕಟಿಸಿತು. ಅದರ ತೂಕ ಸುಮಾರು ಎರಡು ಕಿಲೊ. ಕಂಪ್ಯೂಟರ್ ಲೆಕ್ಕಾಚಾರ ಬಂದ ಮೇಲೆ ವಿನ್ಯಾಸಗಳು ಚುರುಕಾದವು. 1970ರ ಹೊತ್ತಿಗೆ 80–200 ಎಂಎಂ ಎಂಬ ಅಳತೆ ನೆಲೆಯೂರಿತು. ಕೈಯಲ್ಲಿ ಹಿಡಿದು ತೆಗೆಯಬಹುದಾದ ತೂಕ, ಗುಂಪಿನಲ್ಲಿ ಒಬ್ಬನ ಮುಖವನ್ನು ಬಿಡಿಸಿ ಹಿಡಿಯುವ ಉದ್ದ ಎರಡೂ ಅದರಲ್ಲಿದ್ದವು.

ಅದೇ ಕಾಲದಲ್ಲಿ ಕರ್ನಾಟಕದ ಹವ್ಯಾಸಿಗಳ ಹೆಸರು ಜಗತ್ತಿನ ಪ್ರದರ್ಶನಗಳಲ್ಲಿ ಕೇಳಿಬರತೊಡಗಿತ್ತು. ಬೆಂಗಳೂರಿನ ಡಾ. ಜಿ. ಥಾಮಸ್ 1953ರಲ್ಲಿ ಭಾರತದ ಛಾಯಾಗ್ರಹಣ ಸಂಘಗಳ ಒಕ್ಕೂಟ ಕಟ್ಟಿದರು. 1971ರಲ್ಲಿ ಬೆಂಗಳೂರಿನಲ್ಲೇ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಆರಂಭವಾಯಿತು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಕಾಡುಪ್ರಾಣಿಗಳ ಚಿತ್ರಕ್ಕೆ ದೇಶದಲ್ಲೇ ದೊಡ್ಡ ಹೆಸರಾದರು. ಘೋರ್ಪಡೆಯವರ ಚಿತ್ರಗಳ ಸಂಗ್ರಹ 'ಸನ್‌ಲೈಟ್ ಅಂಡ್ ಶಾಡೋಸ್' 1983ರಲ್ಲಿ ಬಂತು. ಮೂಡಿಗೆರೆಯ ತೋಟದಲ್ಲಿ ಕುಳಿತು ಹಕ್ಕಿಗಳ ಚಿತ್ರ ತೆಗೆದು ಕನ್ನಡದ ಓದುಗರಿಗೆ ಕೊಟ್ಟ ಪೂರ್ಣಚಂದ್ರ ತೇಜಸ್ವಿಯವರಿಂದ ಈ ಹವ್ಯಾಸ ಊರೂರಿಗೆ ಮುಟ್ಟಿತು. ನಗರದ ಕ್ಲಬ್ಬುಗಳಾಚೆಗೆ ಕ್ಯಾಮೆರಾ ಹಿಡಿದ ಅನೇಕ ಕನ್ನಡಿಗರು ತೇಜಸ್ವಿಯನ್ನು ಓದಿಯೇ ಲೆನ್ಸಿನ ಆಸೆ ಹುಟ್ಟಿಸಿಕೊಂಡವರು.

ಆ ತಲೆಮಾರಿನವರಿಗೆ ಜೂಮ್ ಮುಖ್ಯ ಸಾಧನವಾಗಿರಲಿಲ್ಲ. ಹಕ್ಕಿಯ ಚಿತ್ರವೆಂದರೆ ಸೊಪ್ಪು ಅಥವಾ ಬಟ್ಟೆಯ ಮರೆ ಕಟ್ಟಿ ಗಂಟೆಗಟ್ಟಲೆ ಕೂರುವುದು. ಮರೆಯಲ್ಲಿ ಕೂತವರಿಗೆ ಹಕ್ಕಿ ಎಷ್ಟು ದೂರದಲ್ಲಿ ಬಂದು ಕೂರುತ್ತದೆ ಎಂಬುದು ಮೊದಲೇ ಗೊತ್ತಿರುತ್ತಿತ್ತು. ಹಾಗಾಗಿ ಒಂದೇ ಸಂಗಮದೂರದ, ಹೆಚ್ಚು ಬೆಳಕು ಹಿಡಿಯುವ ಲೆನ್ಸು ಸಾಕಾಗುತ್ತಿತ್ತು. ಗೂಡಿನ ಹತ್ತಿರ ಹೋಗಿ ತೆಗೆಯುವ ಪದ್ಧತಿ ಹಕ್ಕಿಗೆ ಕೇಡು ಎಂಬ ತಿಳಿವಳಿಕೆ ಮುಂದೆ ಬೆಳೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅಭಯಾರಣ್ಯಗಳಲ್ಲಿ ನಡವಳಿಕೆಗೆ ಕಟ್ಟುಪಾಡು ಬಂತು. ಹಾವೇರಿ ಸೀಮೆಯಲ್ಲೇ 1974ರಲ್ಲಿ ರಾಣೆಬೆನ್ನೂರಿನ 119 ಚದರ ಕಿಲೊಮೀಟರ್ ಪ್ರದೇಶ ಕೃಷ್ಣಮೃಗ ಅಭಯಾರಣ್ಯವಾಯಿತು. ಅಲ್ಲಿ ಎರೆಭೂತ ಹಕ್ಕಿಯೂ ಇತ್ತು. ಬಯಲಿನಲ್ಲಿ ಬಹುದೂರದಿಂದಲೇ ಮನುಷ್ಯರನ್ನು ಕಂಡು ಜಾಗ ಖಾಲಿ ಮಾಡುವ ಕೃಷ್ಣಮೃಗಕ್ಕೆ ಮರೆ ಕಟ್ಟುವ ಉಪಾಯ ಸಾಲದು. ದೂರದಿಂದಲೇ ತೆಗೆಯಬೇಕು, ಹಿಂಡು ಸರಿದಂತೆ ಚೌಕಟ್ಟು ಬದಲಿಸಬೇಕು. ಟೆಲಿ ಜೂಮಿನ ಅಗತ್ಯ ಈ ಬಯಲಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅಗತ್ಯವಿತ್ತು ನಿಜ, ಆದರೆ ಲೆನ್ಸು ಸಿಗಬೇಕಲ್ಲ. 1991ಕ್ಕೆ ಮೊದಲು ಕ್ಯಾಮೆರಾ ಆಮದಿನ ಮೇಲೆ ಬಿಗಿ ನಿರ್ಬಂಧ, ಭಾರೀ ಸುಂಕ ಎರಡೂ ಇದ್ದವು. ಸ್ಟುಡಿಯೊಗಳಲ್ಲಿ ಹೆಚ್ಚಾಗಿ ಇದ್ದುದು ಯಾಶಿಕಾ, ರೋಲಿಫ್ಲೆಕ್ಸ್ ಬಗೆಯ ಜೋಡಿ ಲೆನ್ಸಿನ ಕ್ಯಾಮೆರಾ. ಅದರ ಲೆನ್ಸನ್ನು ಕಳಚಿ ಬೇರೆಯದು ಹಾಕುವಂತಿಲ್ಲ. ಮನೆಗಳಲ್ಲಿದ್ದ ಆಗ್ಫಾ ಕ್ಲಿಕ್ ಥ್ರೀ ಎಂಬ ಡಬ್ಬಿಯೂ ಅಷ್ಟೇ. ಲೆನ್ಸು ಬದಲಿಸಬಹುದಾದ ಕ್ಯಾಮೆರಾ ಬೇಕೆಂದರೆ ಸೋವಿಯತ್ ದೇಶದ ಜೆನಿತ್, ಇಲ್ಲವೇ ವಿದೇಶದಲ್ಲಿದ್ದ ನೆಂಟರು ತಂದುಕೊಟ್ಟ ಜಪಾನಿ ಕ್ಯಾಮೆರಾ. ಸುಂಕ ಸಡಿಲಗೊಂಡ ತೊಂಬತ್ತರ ದಶಕದಲ್ಲಿ ನಿಕಾನ್ ಎಫ್‌ಎಂ10 ಬಗೆಯ ಬಾಡಿಗಳು 35–70 ಎಂಎಂ ಜೂಮ್ ಸಮೇತ ಮದುವೆ ಫೋಟೊ ತೆಗೆಯುವವರ ಹೆಗಲೇರಿದವು. ಅದರ ಹಿಂದೆಯೇ 70–210, 70–300 ಎಂಎಂ ಅಗ್ಗದ ಟೆಲಿ ಜೂಮುಗಳೂ ಬಂದವು. ಹುಬ್ಬಳ್ಳಿ ಪೇಟೆ ಹೆದ್ದಾರಿಯ ಮೇಲೇ ಇದ್ದುದರಿಂದ ಶಿಗ್ಗಾಂವಿ, ಸವಣೂರಿನವರಿಗೆ ಅಂಗಡಿ ದೂರವಾಗಲಿಲ್ಲ.

ಹಾನಗಲ್, ಶಿಗ್ಗಾಂವಿ, ಹಿರೇಕೆರೂರು, ಸವಣೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಟೆಲಿ ಜೂಮ್ ತನ್ನ ಬೆಲೆ ತೋರಿಸುವುದು ಹೋರಿ ಬೆದರಿಸುವ ಹಬ್ಬದಲ್ಲಿ. ದೀಪಾವಳಿಯ ಬಲಿಪಾಡ್ಯಮಿಗೆ ಶುರುವಾಗುವ ಈ ಹಬ್ಬ ಊರಿಂದೂರಿಗೆ ಸುತ್ತುತ್ತ ಚಳಿಗಾಲವಿಡೀ ನಡೆಯುತ್ತದೆ. ಕೊರಳಿಗೆ ಕೊಬ್ಬರಿ ಗಿಟುಕಿನ ಹಾರ, ಕೊಂಬಿಗೆ ಬಲೂನು, ಬೆನ್ನಿಗೆ ಜೂಲ ಕಟ್ಟಿಸಿಕೊಂಡ ಹೋರಿಯನ್ನು ಜನರ ನಡುವಿನ ಓಣಿಯಂಥ ಅಖಾಡದಲ್ಲಿ ಬಿಡುತ್ತಾರೆ. ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಕಿತ್ತುಕೊಳ್ಳಲು ನೋಡುತ್ತಾರೆ, ಕೊಡದೆ ದಾಟಿದ ಹೋರಿಗೆ ಹೆಸರು. ಹಿರೇಕೆರೂರು, ಹಾನಗಲ್ ಕಡೆಯ ಹೋರಿಗಳಿಗೆ ಸಿನಿಮಾ ನಟರಿಗಿದ್ದಂತೆ ಅಭಿಮಾನಿಗಳಿದ್ದಾರೆ. ಹೋರಿ ಮೈಮೇಲೆ ಬಂದು ಗಾಯಗೊಂಡವರು, ಪ್ರಾಣ ಕಳೆದುಕೊಂಡವರೂ ಇದ್ದಾರೆ. ಆದ್ದರಿಂದ ಬುದ್ಧಿಯುಳ್ಳ ಛಾಯಾಗ್ರಾಹಕ ನೆಲದ ಮೇಲೆ ನಿಲ್ಲದೆ ಟ್ರ್ಯಾಕ್ಟರ್ ಟ್ರೇಲರನ್ನೋ ಮನೆಯ ಮಾಳಿಗೆಯನ್ನೋ ಹತ್ತುತ್ತಾನೆ.

ಇಲ್ಲಿ ಯಾವ ಲೆನ್ಸು ಎಂಬ ಪ್ರಶ್ನೆಗೆ ಮೇಲಿನ ಲೆಕ್ಕವೇ ಉತ್ತರ ಕೊಡುತ್ತದೆ. ಅಲಂಕಾರ ಸೇರಿ ಹೋರಿಯ ಎತ್ತರ ಒಂದೂವರೆ ಮೀಟರ್ ಎಂದುಕೊಂಡರೆ, ಅರವತ್ತು ಮೀಟರ್ ದೂರದಲ್ಲಿ 200 ಎಂಎಂ ಲೆನ್ಸಿಗೆ ಅದರ ಬಿಂಬ ಐದು ಮಿಲಿಮೀಟರ್. ಹದಿನೈದು ಮೀಟರಿಗೆ ಬಂದಾಗ ಇಪ್ಪತ್ತು ಮಿಲಿಮೀಟರ್, ಅಂದರೆ ಚೌಕಟ್ಟು ಬಹುತೇಕ ತುಂಬಿತು. ಅಲ್ಲಿಂದ ಮುಂದೆ 200ರಲ್ಲಿ ಹೋರಿಯ ಮುಖ ಮಾತ್ರ ಸಿಗುತ್ತದೆ. ಕೊರಳಿನ ಹಾರಕ್ಕೆ ಕೈ ಹಾಕಿದ ಹುಡುಗ ಚೌಕಟ್ಟಿನಾಚೆ ಉಳಿಯುತ್ತಾನೆ. 70 ಎಂಎಂಗೆ ಇಳಿಸಿದರೆ ಐದು ಮೀಟರ್ ದೂರದಲ್ಲೂ ಹೋರಿ ಮತ್ತೆ ಇಪ್ಪತ್ತೊಂದು ಮಿಲಿಮೀಟರಿಗೆ ಕೂರುತ್ತದೆ. ಸೆಕೆಂಡಿಗೆ ಎಂಟು–ಹತ್ತು ಮೀಟರ್ ಓಡುವ ಪ್ರಾಣಿ ಹದಿನೈದರಿಂದ ಐದಕ್ಕೆ ಬರಲು ತಗಲುವುದು ಒಂದು ಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೇ. ಕೊಬ್ಬರಿ ಕೀಳುವ ಕ್ಷಣ ಸಾಮಾನ್ಯವಾಗಿ ಆ ಒಂದು ಸೆಕೆಂಡಿನಲ್ಲೇ ಇರುತ್ತದೆ. 70–200 ಎಂಎಂ ಈ ಹಬ್ಬಕ್ಕೆಂದೇ ಮಾಡಿದಂತಿದೆ. 400, 600ರ ಕಡೆ ಕೈ ಚಾಚುವವರು ಈ ಲೆಕ್ಕವನ್ನೊಮ್ಮೆ ಹಾಕಿ ನೋಡುವುದು ಒಳ್ಳೆಯದು.

ಫಿಲ್ಮ್ ಕಾಲದಲ್ಲಿ ಫೋಕಸ್ಸೂ ಕೈಯಿಂದಲೇ. ಆಟೊಫೋಕಸ್ ಕ್ಯಾಮೆರಾ 1985ರ ಮಿನೋಲ್ಟಾ 7000ದಿಂದ ಹರಡತೊಡಗಿದರೂ ಹಳ್ಳಿಯ ಕೈಗಳಿಗೆ ಬರಲು ಮತ್ತೂ ಒಂದೂವರೆ ದಶಕ ಬೇಕಾಯಿತು. ಅಲ್ಲಿಯವರೆಗಿನ ದಾರಿಯೆಂದರೆ ಅಖಾಡದ ಒಂದು ಗುರುತಿಗೆ, ಒಂದು ಕಂಬಕ್ಕೋ ಗೂಟಕ್ಕೋ, ಮೊದಲೇ ಫೋಕಸ್ ಇಟ್ಟು ಹೋರಿ ಅಲ್ಲಿಗೆ ಬರುವವರೆಗೆ ಉಸಿರು ಬಿಗಿಹಿಡಿಯುವುದು. ಒಂದು ರೋಲಿಗೆ 36 ಚಿತ್ರ, ಪ್ರತಿಯೊಂದಕ್ಕೂ ದುಡ್ಡು.

ಹಬ್ಬದ ಇನ್ನೊಂದು ಸತ್ಯ ಧೂಳು. ಸವಣೂರು ಕಡೆಯ ಎರೆಮಣ್ಣಾದರೂ ಹಿರೇಕೆರೂರು ಕಡೆಯ ಕೆಂಪು ನೆಲವಾದರೂ ಮಧ್ಯಾಹ್ನದ ಹೊತ್ತಿಗೆ ಅಖಾಡದಿಂದ ಅದು ಮೋಡದಂತೆ ಏಳುತ್ತದೆ. ಮುಂದಕ್ಕೆ ಹಿಂದಕ್ಕೆ ಎಳೆದು ತಳ್ಳುವ ಜೂಮುಗಳು ಪ್ರತಿ ಸಲ ಉದ್ದವಾದಾಗಲೂ ಹೊರಗಿನ ಗಾಳಿಯನ್ನು ಒಳಗೆಳೆಯುತ್ತವೆ, ಗಾಳಿಯ ಜೊತೆ ಧೂಳನ್ನೂ. 1998ರಲ್ಲಿ ಬಂದ ಕ್ಯಾನನ್ 100–400 ಎಂಎಂ ಈ ಬಗೆಯದು. ಚಿತ್ರದ ಗುಣದಲ್ಲಿ ಅದು ಮೇಲ್ಮಟ್ಟದ್ದು, ಧೂಳಿನ ಅಖಾಡಕ್ಕೆ ಮಾತ್ರ ಹೇಳಿ ಮಾಡಿಸಿದ್ದಲ್ಲ. ಕೊಳವೆ ಉದ್ದವಾಗದೆ ಒಳಗೇ ಗಾಜು ಸರಿಯುವ ಎಫ್2.8ರ 70–200ಗಳು ಇಂಥಲ್ಲಿ ಬಾಳಿಕೆ ಬರುತ್ತವೆ. ಅವುಗಳ ತೂಕ ಸುಮಾರು ಒಂದೂವರೆ ಕಿಲೊ.

ನವಿಲಿನ ಮಾತೇ ಬೇರೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಹಳೆಯ ಕೋಟೆಯೊಳಗೆ ಅರವತ್ತು ಕಂಬದ ನಗರೇಶ್ವರ ಗುಡಿ ಇದೆ, ಸುತ್ತ ಕಂದಕ, ಕುರುಚಲು. ಅಲ್ಲಿನ ಸುಮಾರು 139 ಎಕರೆಯನ್ನು 2006ರಲ್ಲಿ ನವಿಲುಧಾಮವೆಂದು ಘೋಷಿಸಲಾಯಿತು. ನವಿಲು ಕುಣಿಯುವುದು ಮಳೆಗಾಲದ ಆಸುಪಾಸಿನಲ್ಲಿ, ಬೆಳಗಿನ ಮತ್ತು ಸಂಜೆಯ ಮಬ್ಬಿನಲ್ಲಿ, ಹೆಚ್ಚಾಗಿ ಮರದ ನೆರಳಿನಲ್ಲಿ. ಬೆಳಕಿನ ಲೆಕ್ಕ ಇಲ್ಲಿ ಕೈಕೊಡುತ್ತದೆ. ಹೋರಿ ಹಬ್ಬದ ಸುಡುಬಿಸಿಲಿನಲ್ಲಿ ಎಎಸ್‌ಎ 100 ಫಿಲ್ಮು ಹಾಕಿ ಎಫ್5.6 ಇಟ್ಟರೆ ಶಟರ್ ಸೆಕೆಂಡಿನ 800ನೇ ಒಂದು ಭಾಗ ಸಿಗುತ್ತದೆ, ಓಡುವ ಹೋರಿ ನಿಂತಂತೆ ಮೂಡುತ್ತದೆ. ದಟ್ಟ ಮೋಡ, ಮರದ ನೆರಳು ಎಂದರೆ ಬೆಳಕು ನಾಲ್ಕೈದು ಸ್ಟಾಪ್ ಕಡಿಮೆ, ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ. ಆಗ ಅದೇ ಲೆನ್ಸಿಗೆ ಸಿಗುವುದು 50ನೇ ಅಥವಾ 25ನೇ ಒಂದು ಭಾಗ. 300 ಎಂಎಂ ಲೆನ್ಸನ್ನು ಕೈಯಲ್ಲಿ ಹಿಡಿದರೆ ಕನಿಷ್ಠ 300ನೇ ಒಂದು ಭಾಗ ಇರಬೇಕೆಂಬುದು ರೂಢಿಯ ನಿಯಮ. ಅಗ್ಗದ 70–300 ಹಿಡಿದು ಹೋರಿ ಹಬ್ಬದಲ್ಲಿ ಚೆಂದದ ಚಿತ್ರ ತೆಗೆದವರೂ ಬಂಕಾಪುರದಲ್ಲಿ ಕದಡಿದ ಚಿತ್ರ ಹೊತ್ತು ಮರಳಿದ್ದಕ್ಕೆ ಕಾರಣ ಇದು.

ಇದಕ್ಕೆ ಮೂರು ಕಡೆಯಿಂದ ಪರಿಹಾರ ಬಂತು. ಕೈಯ ನಡುಕವನ್ನು ಲೆನ್ಸಿನೊಳಗೇ ಸರಿದೂಗಿಸುವ ಏರ್ಪಾಟನ್ನು ಕ್ಯಾನನ್ 1995ರಲ್ಲಿ 75–300 ಎಂಎಂ ಜೂಮಿನಲ್ಲಿ ತಂದಿತು, ನಿಕಾನ್ 2000ದಲ್ಲಿ 80–400ರಲ್ಲಿ. ಇದರಿಂದ ನಿಂತ ನವಿಲಿಗೆ ಉಪಕಾರವಾಯಿತು. ಗರಿ ಅದುರಿಸುವ ನವಿಲಿಗೆ ಆಗಲಿಲ್ಲ. ಏಕೆಂದರೆ ಏರ್ಪಾಟು ತಡೆಯುವುದು ಛಾಯಾಗ್ರಾಹಕನ ಅಲುಗಾಟವನ್ನೇ ಹೊರತು ಹಕ್ಕಿಯದನ್ನಲ್ಲ. ಎರಡನೆಯದು ಎಫ್2.8ರ ದೊಡ್ಡ ಗಾಜು. ಎರಡು ಸ್ಟಾಪ್ ಬೆಳಕು ಹೆಚ್ಚು, ಬೆಲೆಯೂ ಹಲವು ಪಟ್ಟು ಹೆಚ್ಚು. ನಿಜವಾದ ಬದಲಾವಣೆ ತಂದಿದ್ದು ಡಿಜಿಟಲ್. 2003ರ ಕ್ಯಾನನ್ 300ಡಿ, 2004ರ ನಿಕಾನ್ ಡಿ70ರಿಂದ ಹವ್ಯಾಸಿಗಳ ಕೈಗೆ ಬಂದ ಡಿಜಿಟಲ್ ಎಸ್‌ಎಲ್‌ಆರ್‌ಗಳಲ್ಲಿ ಫಿಲ್ಮಿನ ಎಎಸ್‌ಎಗೆ ಸಮನಾದ ಐಎಸ್‌ಒ ಸಂಖ್ಯೆಯನ್ನು ಚಿತ್ರಚಿತ್ರಕ್ಕೂ ಬದಲಿಸಬಹುದಿತ್ತು. ಕೆಲವೇ ವರ್ಷಗಳಲ್ಲಿ ಐಎಸ್‌ಒ 1600 ಬಳಸುವುದು ಸಲೀಸಾಯಿತು. 100ರಿಂದ 1600ಕ್ಕೆ ನಾಲ್ಕು ಸ್ಟಾಪ್, ಮೋಡ ಕಸಿದುಕೊಂಡ ಬೆಳಕು ಬಹುತೇಕ ಮರಳಿ ಬಂತು. ಜೊತೆಗೆ ಈ ಕ್ಯಾಮೆರಾಗಳ ಸಂವೇದಕ ಫಿಲ್ಮಿಗಿಂತ ಚಿಕ್ಕದಾದ್ದರಿಂದ 300 ಎಂಎಂ ಲೆನ್ಸು ಸುಮಾರು 450 ಎಂಎಂ ಲೆನ್ಸಿನಷ್ಟು ಇಕ್ಕಟ್ಟಾದ ನೋಟ ಕೊಡತೊಡಗಿತು. ಸಾಮಾನ್ಯ ಸಂಬಳದವರೂ ಹಕ್ಕಿಯ ಬೆನ್ನು ಹತ್ತಬಹುದಾದ ಕಾಲ ಅಂದಿನಿಂದ ಶುರುವಾಯಿತು, ಈ ಚರಿತ್ರೆಯಲ್ಲಿ ಅದಕ್ಕಿಂತ ಸಂತೋಷದ ಘಟ್ಟ ಇನ್ನೊಂದಿಲ್ಲ.

ಮೂರನೆಯ ಸೆಳೆತ ಕೆರೆಗಳದು. ಹಾನಗಲ್ಲಿನ ಆನೆಕೆರೆ, ಮದಗ–ಮಾಸೂರಿನ ಹಳೆಯ ಕೆರೆ ಇವೆಲ್ಲ ಇದ್ದರೂ ಈ ಭಾಗದವರು ಚಳಿಗಾಲದಲ್ಲಿ ಹೆಚ್ಚಾಗಿ ಹೋಗುವುದು ಗಡಿಯಾಚೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳ ಹಿಂಡಿಗೆ ಹೆಸರಾದ ಈ ಕೆರೆ 2024ರಲ್ಲಿ ರಾಮ್ಸರ್ ತಾಣವೆನಿಸಿತು. ಹೆಬ್ಬಾತುಗಳು ಹಗಲಿಡೀ ಕೆರೆಯ ನಡುಮಧ್ಯ ತೇಲುತ್ತ, ಕತ್ತಲೆಯ ಅಂಚಿನಲ್ಲಿ ಹೊಲಗಳಿಗೆ ಹಾರುತ್ತವೆ. ಇಲ್ಲಿ 300 ಎಂಎಂ ಸಾಲದು. ದೀರ್ಘಕಾಲ ಇದಕ್ಕಿದ್ದ ಪರಿಹಾರ ಟೆಲಿಕನ್ವರ್ಟರ್. ಎರಡು ಪಟ್ಟಿನದು ಹಾಕಿದರೆ ಎರಡು ಸ್ಟಾಪ್ ಬೆಳಕು ಹೋಗುತ್ತದೆ, ಅಗ್ಗದ ಜೂಮಿನ ಜೊತೆ ಆಟೊಫೋಕಸ್ಸೇ ನಿಲ್ಲುತ್ತದೆ. 2013ರ ಕೊನೆಗೆ ಟ್ಯಾಮ್ರಾನ್ 150–600 ಪ್ರಕಟವಾಯಿತು. ಮರುವರ್ಷ ಅದೇ ಅಳತೆಯ ಸಿಗ್ಮಾ, 2015ರಲ್ಲಿ ನಿಕಾನ್ 200–500 ಬಂದವು. ಅಲ್ಲಿಯವರೆಗೆ ಹಲವು ಲಕ್ಷದ ಒಂಟಿ ಲೆನ್ಸುಗಳಿಗೇ ಮೀಸಲಾಗಿದ್ದ ಉದ್ದ ಒಂದು ಮೋಟರ್ ಬೈಕಿನ ಬೆಲೆಗೆ ಸಿಕ್ಕಿತು. ಈ ಲೆನ್ಸುಗಳ ಬಾಯಿ ಅಗಲವಾಗಿರುವುದಕ್ಕೂ ಕಾರಣವಿದೆ. 600ನ್ನು ಎಫ್ ಸಂಖ್ಯೆಯಾದ 6.3ರಿಂದ ಭಾಗಿಸಿದರೆ ಬೆಳಕಿನ ಕಿಂಡಿ 95 ಮಿಲಿಮೀಟರ್ ಇರಲೇಬೇಕು. ಅದೇ ಉದ್ದಕ್ಕೆ ಎಫ್4 ಬೇಕೆಂದರೆ 150 ಮಿಲಿಮೀಟರ್ ಗಾಜು ಬೇಕು, ಅದರ ತೂಕ, ಬೆಲೆ ಹವ್ಯಾಸಿಯ ಕೈ ಮೀರುತ್ತವೆ. 95 ಮಿಲಿಮೀಟರಿಗೆ ಮಣಿದು ತೂಕವನ್ನು ಎರಡು ಕಿಲೊ ಆಸುಪಾಸಿನಲ್ಲಿ ಹಿಡಿದದ್ದೇ ಈ ಲೆನ್ಸುಗಳ ಜಾಣತನ. ಲೆನ್ಸು ಕಳಚದ ಕ್ಯಾಮೆರಾಗಳಲ್ಲೂ ಅದೇ ಹೊತ್ತಿಗೆ 83 ಪಟ್ಟು ಜೂಮಿನ ನಿಕಾನ್ ಪಿ900 ಬಂದಿತು, ಹಕ್ಕಿ ಗುರುತಿಸುವುದಷ್ಟೇ ಉದ್ದೇಶವಾಗಿದ್ದವರಿಗೆ ಅದು ಸಾಕಾಯಿತು.

ಉದ್ದ ಹೆಚ್ಚಿದಂತೆ ಹೊಸ ಮಿತಿಯೂ ಕಂಡಿತು. ಹತ್ತು ಗಂಟೆಯ ಬಿಸಿಲೇರಿದ ಮೇಲೆ ಹೊಲ, ಕೆರೆಯಂಗಳದ ಮೇಲಿನ ಕಾದ ಗಾಳಿ ಅಲೆಯಾಡುತ್ತದೆ. 600 ಎಂಎಂನಲ್ಲಿ ಇನ್ನೂರು ಮೀಟರಾಚೆಯ ಹೆಬ್ಬಾತು ಆ ಝಳದಲ್ಲಿ ಕರಗಿದಂತೆ ಮೂಡುತ್ತದೆ. ಅದಕ್ಕೆ ಲೆನ್ಸನ್ನು ದೂರುವುದು ಅನ್ಯಾಯ. ಬೆಳಗಾಗುವ ಮೊದಲೇ ಕೆರೆ ಸೇರುವುದನ್ನು ಬಿಟ್ಟು ಇದಕ್ಕೆ ಬೇರೆ ಉಪಾಯವಿಲ್ಲ.

ಪಿಗೂ ಕಾಲದಿಂದ ಚಿತ್ರಕ್ಕೆ ವಸ್ತುವಾದ ಗುಡಿಗಳಿಗೂ ಟೆಲಿ ಜೂಮಿನಿಂದ ಲಾಭವಿದೆ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಮಂಟಪದಲ್ಲಿ ನಿಂತು ಕತ್ತೆತ್ತಿದರೆ ಎಂಟು ಮೂಲೆಯ ಗುಮ್ಮಟದಿಂದ ದೊಡ್ಡ ಕಲ್ಲಿನ ಕಮಲ ತಲೆಕೆಳಗಾಗಿ ಇಳಿಬಿದ್ದಿದೆ. ಇಡೀ ಛಾವಣಿಗೆ ಅಗಲ ನೋಟದ ಲೆನ್ಸೇ ಬೇಕು. ದಳದ ಅಂಚು, ಸುತ್ತಿನ ಕೆತ್ತನೆಯ ಒಂದೊಂದು ವಿವರಕ್ಕೆ 70–200. ಪುರಾತತ್ತ್ವ ಇಲಾಖೆಯ ರಕ್ಷಣೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕಾದ್ದರಿಂದ ನಡುಕ ತಡೆಯುವ ಏರ್ಪಾಟು ಇಲ್ಲಿ ಪೂರ್ತಿ ಕೆಲಸಕ್ಕೆ ಬರುತ್ತದೆ, ಕಲ್ಲು ಅಲುಗುವುದಿಲ್ಲವಲ್ಲ. ಸವಣೂರಿನ ದೊಡ್ಡಹುಣಸೆ ಮಠದ ಬಾವೊಬಾಬ್ ಮರಗಳ ಬೊಡ್ಡೆಯ ಗಾತ್ರ ತೋರಿಸಲು ಸಾಕಷ್ಟು ಹಿಂದೆ ಸರಿದು 70–100 ಎಂಎಂನಲ್ಲಿ, ಪಕ್ಕದಲ್ಲೊಬ್ಬ ಮನುಷ್ಯನನ್ನು ನಿಲ್ಲಿಸಿ ತೆಗೆಯುವುದು ಸರಿ. ಹತ್ತಿರ ನಿಂತು ಅಗಲ ಲೆನ್ಸಿನಲ್ಲಿ ತೆಗೆದರೆ ಬೊಡ್ಡೆ ಉಬ್ಬಿ, ಕೊಂಬೆ ಸಣ್ಣದಾಗಿ, ಅಳತೆ ತಪ್ಪುತ್ತದೆ.

2018ರ ನಂತರ ಮಿರರ್‌ಲೆಸ್ ಕ್ಯಾಮೆರಾಗಳು ಮುಂದಾಗಿ, 2019ರ ಸೋನಿ 200–600, 2020ರ ಕ್ಯಾನನ್ 100–500 ಬಂದವು. ಸೋನಿಯದು ಅಷ್ಟು ಉದ್ದವಿದ್ದೂ ಒಳಗೇ ಜೂಮ್ ಆಗುವ ಲೆನ್ಸು. ಹೊಸದಕ್ಕೆ ಹೋದವರು ಮಾರಿದ ಹಳೆಯ ಎಸ್‌ಎಲ್‌ಆರ್ ಲೆನ್ಸುಗಳು ಈಗ ಅರ್ಧ ಬೆಲೆಗೆ ಕೈ ಬದಲಿಸುತ್ತಿವೆ. ಮಲೆನಾಡಿನ ಅಂಚಿನ ಹಾನಗಲ್ಲಿನಂಥ ಊರಿನಲ್ಲಿ ಹಳೆಯ ಲೆನ್ಸು ಕೊಳ್ಳುವವರು ಮೊದಲು ನೋಡಬೇಕಾದದ್ದು ಗಾಜಿನೊಳಗಿನ ಬೂಷ್ಟು. ಮಳೆಗಾಲದ ತೇವದಲ್ಲಿ ಚೀಲದೊಳಗೇ ಮುಚ್ಚಿಟ್ಟ ಲೆನ್ಸಿನಲ್ಲಿ ಜೇಡರ ಬಲೆಯಂತೆ ಎಳೆಎಳೆಯಾಗಿ ಹಬ್ಬುವ ಇದು ಗಾಜಿನ ಲೇಪವನ್ನೇ ತಿನ್ನುತ್ತದೆ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಸಣ್ಣ ಟಾರ್ಚ್ ಹಿಡಿದು, ಮುಂದಿನಿಂದ ಓರೆಯಾಗಿ ನೋಡಿದರೆ ಅದು ಕಾಣುತ್ತದೆ. ಜೂಮನ್ನು ಎರಡೂ ತುದಿಗೆ ತಿರುಗಿಸಿ ಮತ್ತೊಮ್ಮೆ ನೋಡಬೇಕು, ಏಕೆಂದರೆ ನಡುವಿನ ಗಾಜುಗಳು ಒಂದು ಸ್ಥಾನದಲ್ಲಿ ಮರೆಯಾಗಿದ್ದು ಇನ್ನೊಂದರಲ್ಲಿ ಎದುರಿಗೆ ಬರುತ್ತವೆ. ಕೊಂಡ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟು, ಹರಳಿನ ಬಣ್ಣ ಬದಲಾದಾಗ ಹುರಿದು ಒಣಗಿಸಿ ಮತ್ತೆ ಹಾಕಿದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವ ಲೆನ್ಸನ್ನು ಮುಟ್ಟುವುದಿಲ್ಲ.